ಹಸಿ ಕೂಡದ ಹೊಲ

ನನಗೆ ಇಂಗ್ಲಿಷಿನಲ್ಲಿ ಒಂದೇ ಒಂದು ಶಬ್ದ ಪೂರಾ ಗೊತ್ತು. ಬಸ್ಸು, ಟಿಕೀಟು, ಡಾಕ್ಟರು ಇವನ್ನು ನಾನು ಇಂಗ್ಲಿಷ್ ಎಂದು ಹಿಡಿಯುವುದಿಲ್ಲ. ಅವು ನಮ್ಮವೇ ಆಗಿಹೋಗಿವೆ. ನಾನು ಹೇಳುವುದು ಪರ್ಮಿಯೇಟ್ ಎಂಬ ಶಬ್ದ. ಅದರ ಅರ್ಥ ಏನು, ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಯಾವ ಮಾಸ್ತರರು ಬಂದು ಕೇಳಿದರೂ ಹೇಳಬಲ್ಲೆ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಈ ಬರಹದಲ್ಲಿ ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಆ ಒಂದು ಶಬ್ದದ ವಿಷಯದಲ್ಲಿ ಮಾತ್ರ ನನ್ನನ್ನು ತಿದ್ದಲು ಬರಬಾರದು.

ನನ್ನ ತವರು ಹೊಳೆಮಣ್ಣೂರ. ಮಲಪ್ರಭೆ ಉಕ್ಕಿ ಬಂದರೆ ಹೊಲಗಳು ಬೇಕಾದ್ದಕ್ಕಿಂತ ಹೆಚ್ಚು ನೀರು ಕುಡಿಯುತ್ತಿದ್ದವು. ನೆಲದಲ್ಲಿ ಹಸಿ ಎಷ್ಟಿದೆ ಎಂದು ಯಾರೂ ತೋಡಿ ನೋಡುತ್ತಿರಲಿಲ್ಲ. ನರಗುಂದಕ್ಕೆ ಸೊಸೆಯಾಗಿ ಬಂದ ಮೇಲೆ ಎರೆ ಹೊಲ ಏನೆಂದು ಗೊತ್ತಾಯಿತು. ಬೇಸಿಗೆಯಲ್ಲಿ ಆ ಕರಿ ನೆಲ ಕಾಲು ಇಳಿಯುವಷ್ಟು ಬಾಯಿ ಬಿಡುತ್ತದೆ. ಬಂದ ವರ್ಷವೇ ನನ್ನ ಒಂದು ಕಾಲುಂಗುರ ಬಿರುಕಿನೊಳಗೆ ಬಿತ್ತು. ಇವತ್ತಿಗೂ ಸಿಕ್ಕಿಲ್ಲ.

ಆ ನೆಲದ ಲೆಕ್ಕವೇ ಬೇರೆ. ಹಿಂಗಾರಿ ಬಿಳಿಜೋಳ ಬಿತ್ತಿದ ಮೇಲೆ ಆಕಾಶದಿಂದ ಹನಿ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಬೆಳೆ ಚಳಿಗಾಲವಿಡೀ ನೆಲದೊಳಗಿನ ಹಸಿಯ ಮೇಲೇ ನಿಲ್ಲಬೇಕು. ಮುಂಗಾರಿಯಲ್ಲಿ ಕೆಳಗೆ ಕೂತ ಹಸಿ, ಉತ್ತರಿ ಮಳೆಗೆ ಮೇಲಿನಿಂದ ಇಳಿದ ಹಸಿ, ಇವೆರಡೂ ನಡುವೆ ಒಣ ಬಿಡದೆ ಒಂದಾಗಬೇಕು. ಅದಕ್ಕೆ ಹಸಿ ಕೂಡುವುದು ಎನ್ನುತ್ತೇವೆ. ಆ ತಿಂಗಳು ನರಗುಂದದಲ್ಲಿ ಯಾವ ಕಟ್ಟೆಯ ಮೇಲೆ ಕೂತರೂ ಒಂದೇ ಮಾತು: ಹಸಿ ಕೂಡಿತೇನು?

ನಮ್ಮ ಮನೆಯಲ್ಲಿ ನಾಲ್ಕೇ ಜನ. ಮಾವ, ನನ್ನ ಗಂಡ, ನನ್ನ ನಾದಿನಿ, ನಾನು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದಳು. ನಾದಿನಿಗೆ ಆಗ ಹತ್ತು ವರ್ಷ. ಅವಳ ತಲೆಯ ಹೇನು ಹೆಕ್ಕಿ, ಹೆರಳು ಹಾಕಿ, ಶಾಲೆಗೆ ಅಟ್ಟಿದವಳು ನಾನು. ಮಾವನ ಎದುರು ಸೊಸೆ ಬಾಯಿ ಬಿಡುವ ಪದ್ಧತಿ ಇರಲಿಲ್ಲ. ಏನಾದರೂ ಹೇಳಲೇಬೇಕಾದರೆ ಎಮ್ಮೆಗೆ ಹೇಳುತ್ತಿದ್ದೆ. "ಯವ್ವಾ, ಉಪ್ಪು ತೀರೈತಿ" ಎಂದು ಕೊಟ್ಟಿಗೆಯಲ್ಲಿ ನಿಂತು ಎಮ್ಮೆಗೆ ಹೇಳಿದರೆ ಸಂಜೆಗೆ ಉಪ್ಪು ಬರುತ್ತಿತ್ತು. ಉಪ್ಪು, ಬೆಲ್ಲ, ಸೀಮೆಎಣ್ಣೆಯವರೆಗೆ ಈ ದಾರಿ ನಡೆಯುತ್ತಿತ್ತು. ಹೊಲದ ವಿಷಯ ಎಮ್ಮೆಗೆ ಹೇಳಿದರೆ ಮಾವನಿಗೆ ಕಿವಿಯೇ ಇರುತ್ತಿರಲಿಲ್ಲ.

ನಾನು ಹೇಳುವ ಈ ವರ್ಷ ನಾವು ಇನ್ನೂ ಮುಂಬೈ ಸರ್ಕಾರದ ಕೆಳಗಿದ್ದೆವು. ನಾದಿನಿ ಹೈಸ್ಕೂಲಿನ ಕಡೆಯ ವರ್ಗಕ್ಕೆ ಬಂದಿದ್ದಳು. ಆ ವರ್ಗದಲ್ಲಿ ಮೂರೇ ಹುಡುಗಿಯರು. ದೊಡ್ಡ ಪರೀಕ್ಷೆಗೆ ಯಾರ ಫಾರ್ಮ್ ತುಂಬಿಸಬೇಕು, ಯಾರದು ಬೇಡ ಎಂಬುದನ್ನು ಮಾಸ್ತರರು ಆರಿಸುತ್ತಿದ್ದರು. ನಪಾಸಾಗುವವರನ್ನು ಕಳಿಸಿದರೆ ಶಾಲೆಯ ಹೆಸರು ಕೆಡುತ್ತದೆ ಎಂದು. ಮಾವ ಮನೆಯಲ್ಲಿ ಒಂದೇ ಮಾತು ಹೇಳಿದ್ದರು: "ಫಾರ್ಮ್ ತುಂಬಿದ್ರ ಸಾಲಿ. ಇಲ್ಲಂದ್ರ ರಾಜೂರ." ರಾಜೂರಿನಲ್ಲಿ ಒಂದು ವರ ಕಾದಿತ್ತು. ಎರಡು ಜೋಡಿ ಎತ್ತಿನ ಮನೆ, ಹುಡುಗನೂ ಕೆಟ್ಟವನಲ್ಲ. ಆದರೆ ನಾದಿನಿಗೆ ಶಾಲೆಯಲ್ಲಿ ಕಲಿಸುವ ಕೆಲಸ ಬೇಕಾಗಿತ್ತು.

ಅವಳು ಓದಿದರೆ ನನಗೆ ಸಿಗುವುದೇನೂ ಇರಲಿಲ್ಲ. ರೊಟ್ಟಿ ಬಡಿಯಲು ಒಂದು ಕೈ ಕಡಿಮೆ, ಅಷ್ಟೇ. ಆದರೆ ನನ್ನನ್ನು ಶಾಲೆ ಬಿಡಿಸಿದಾಗ ನಾನು ವರ್ಗಕ್ಕೆ ಮೊದಲಿದ್ದೆ. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಇನ್ನೂ ಇತ್ತು.

ಉತ್ತರಿ ಮಳೆ ಒಂದು ಮಧ್ಯಾಹ್ನ ಜೋರು ಹೊಡೆದು ಹೋಯಿತು. ಅದಾದ ನಾಲ್ಕನೇ ದಿನ, ಬುಧವಾರ ಸಂಜೆ, ನಾದಿನಿ ಬಂದವಳೇ ಪಾಟಿಚೀಲವನ್ನು ಕುಳ್ಳಿನ ರಾಶಿಯ ಮೇಲೆ ಒಗೆದಳು.

"ಏನಾತು?" ಎಂದೆ.

"ಫಾರ್ಮ್ ತುಂಬಸಾಂಗಿಲ್ಲಂತ ವೈನಿ. ನಂದು ಬರೇ ಬಾಯಿಪಾಠಂತ."

"ಯಾರಂದ್ರು?"

"ಇಂಗ್ಲೀಷ್ ಮಾಸ್ತರು. ಪರ್ಮಿಯೇಟ್ ಅಂದ್ರೇನು ಅಂತ ಕೇಳಿದ್ರು. ಹೇಳಿದೆ. ಅದನ್ನ ಉಪಯೋಗಿಸಿ ಒಂದು ವಾಕ್ಯ ಮಾಡು ಅಂದ್ರು. ಅದನ್ನೂ ಹೇಳಿದೆ, ಹೂವಿನ ವಾಸನಿ ದಿವಾಣಖಾನಿ ತುಂಬ ಹಬ್ಬೈತಿ ಅಂತ. ಆ ದಿವಾಣಖಾನಿ ಎಲ್ಲೈತಿ ಅಂತ ಕೇಳಿದ್ರು."

"ನೀ ಏನಂದಿ?"

"ಗೈಡಿನ್ಯಾಗ, ನಾಲ್ವತ್ತೊಂದನೇ ಪುಟದಾಗ ಐತ್ರಿ ಅಂದೆ."

ನಾನು ನಕ್ಕುಬಿಟ್ಟೆ. ನಾನು ಯಾರನ್ನೂ ಸಮಾಧಾನ ಮಾಡಿದವಳಲ್ಲ.

"ನಗಬ್ಯಾಡ. ವರ್ಗ ಪೂರಾ ನಕ್ಕಾರ. ಸನಿವಾರದೊಳಗ ಆ ಶಬ್ದ ಹಾಕಿ ಒಂದು ಪುಟ ಸ್ವಂತ ಬರಕೊಂಡು ಬಾ ಅಂದಾರ. ಅದರಾಗ ಗೈಡಿನ ಒಂದು ಸಾಲು ಸಿಕ್ಕರೂ ಫಾರ್ಮ್ ಇಲ್ಲ."

"ಅರ್ಥ ಏನು ಅದಕ್ಕ?"

"ಒಳಹೊಕ್ಕು ಎಲ್ಲೆಡೆ ವ್ಯಾಪಿಸು."

"ವ್ಯಾಪಿಸು ಅಂದ್ರ?"

"ಪಸರಿಸು."

"ಪಸರಿಸು ಅಂದ್ರ?"

"ವ್ಯಾಪಿಸು."

"ಗಾಣದ ಎತ್ತು ಆಗೀದಿ ನೀ" ಎಂದೆ. ಅವಳು ಅತ್ತಳು. ನಾನು ರೊಟ್ಟಿಗೆ ಹಿಟ್ಟು ಕಲೆಸಿದೆ.

ಮರುದಿನ ಶಾಲೆಗೆ ಹೋಗುವುದಿಲ್ಲ ಎಂದು ಕಂಬಕ್ಕೆ ಆತುಕೊಂಡು ಕೂತಳು. "ಹಂಗಾದ್ರ ಬುತ್ತಿ ಹೊತಗೊಂಡು ನಡಿ" ಎಂದು ಹೊಲಕ್ಕೆ ಕರೆದುಕೊಂಡು ಹೋದೆ. ಮಾವ ಅಂದು ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಹಸಿ ನೋಡಿ ಬಂದಿದ್ದರು. ಸೋಮವಾರ ಕೂರಿಗೆ ಹೂಡಿ ಬಿತ್ತುವುದು ಎಂದು ಗೊತ್ತಾಗಿತ್ತು. ಬೀಜ ಸೋಸಿ ಗಡಿಗೆಗೆ ತುಂಬಿ ಇಟ್ಟಿದ್ದೆ.

ಅವರು ಹಸಿ ನೋಡುವ ರೀತಿ ಹೀಗಿತ್ತು. ಬದುವಿನ ಮೂಲೆಯಲ್ಲಿ ಒಂದು ಬನ್ನಿ ಗಿಡ. ಬಿತ್ತಿಗೆಯ ದಿನ ಕೂರಿಗೆಗೆ ಪೂಜೆ ಮಾಡಿ ಕಾಯಿ ಒಡೆಯುವುದು ಅಲ್ಲೇ. ಅವರ ಅಪ್ಪ ಅದರ ಬುಡದಲ್ಲಿ ಹಾರೆ ಹೊಡೆದು ಹಸಿ ನೋಡುತ್ತಿದ್ದನಂತೆ. ಇವರೂ ಅಲ್ಲೇ ಹೊಡೆಯುತ್ತಿದ್ದರು. ಬೇರೆ ಕಡೆ ಹೊಡೆದರೆ ಆ ಜಾಗಕ್ಕೆ ಅಪನಂಬಿಕೆ ತೋರಿಸಿದಂತೆ. ಹಾರೆ ಸರಾಗ ಇಳಿದರೆ ಹಸಿ ಕೂಡಿತು ಎಂದು ಲೆಕ್ಕ. ಆದರೆ ಗಿಡ ನೆಲದ ನೀರು ಹೀರುತ್ತದೆ, ಅದರ ಬುಡದಲ್ಲೇ ಬಿರುಕು ಅಗಲ. ಬದುವಿನ ನೀರೂ ಅಲ್ಲಿಗೇ ಬಂದು ನಿಲ್ಲುತ್ತದೆ. ಮಳೆ ಬಿದ್ದ ಮೇಲೆ ಬಿರುಕಿನ ಬಾಯಿ ಮುಚ್ಚಿಕೊಂಡು ಮೇಲಿಂದ ಕಾಣುವುದಿಲ್ಲ. ಅಲ್ಲಿ ಹಾರೆ ಹೊಡೆದರೆ ಇಳಿಯದೆ ಇನ್ನೇನು ಮಾಡೀತು?

ಇದು ನನಗೆ ಗೊತ್ತಾದದ್ದು ಕರಿಕೆ ಕಳೆ ತೆಗೆಯುವಾಗ. ಕರಿಕೆಯ ಬೇರು ಆಳ ಹೋಗುತ್ತದೆ. ನಾನು ಗಂಡಸರಂತೆ ಗುದ್ದಲಿ ಹಾಕಿ ತೆಗೆಯುತ್ತಿದ್ದೆ. ಹೊಲದ ನಡುವೆ ತೋಡಿದಾಗ ನೆಲ ಬೇರೆಯೇ ಮಾತು ಹೇಳುತ್ತಿತ್ತು.

ಅವತ್ತು ನಾದಿನಿಯನ್ನು ಹೊಲದ ನಡುವೆ ಕೂರಿಸಿ ಮೊಳದುದ್ದ ಆಳದ ಕುಣಿ ತೋಡಿದೆ. "ಕೈ ಹಾಕು" ಎಂದೆ. ಮೇಲಿನ ಮಣ್ಣನ್ನು ಹಿಡಿದಳು. ಮುದ್ದೆಯಾಯಿತು. ಒಂದು ಗೇಣು ಕೆಳಗೆ ಹಿಡಿದಳು. ಬೂದಿಯ ಹಾಗೆ ಬೆರಳ ಸಂದಿಯಿಂದ ಉದುರಿತು. ಇನ್ನೂ ಕೆಳಗೆ ಹಿಡಿದಳು. ಕಪ್ಪಗೆ, ತಣ್ಣಗೆ, ಮತ್ತೆ ಮುದ್ದೆ.

"ಕೆಳಗ ಹಸಿ ಐತಿ, ಮ್ಯಾಲ ಹಸಿ ಐತಿ. ನಡಕ ಇಲ್ಲ" ಎಂದಳು.

"ಬೀಜ ಹುಟ್ಟತೈತೋ ಇಲ್ಲೋ?"

"ಹುಟ್ಟತೈತಿ. ಮ್ಯಾಲ ಹಸಿ ಐತೆಲ್ಲ."

"ಆಮ್ಯಾಲ ಬೇರು ಕೆಳಗ ಹೊಂಟಾಗ?"

ಅವಳು ಒಣ ಮಣ್ಣನ್ನು ಮತ್ತೊಮ್ಮೆ ಹಿಡಿದು ನೋಡಿದಳು.

"ನೀರು ಹೊಲದಾಗ ಹೊಕ್ಕಿಲ್ಲ ಅಂತೀಯೇನು?" ಎಂದು ಕೇಳಿದೆ.

"ಹೊಕ್ಕೈತಿ. ಬಿರುಕಿನ್ಯಾಗ ಹಾದು ತಳಕ್ಕ ಹೋಗೈತಿ. ಎಲ್ಲಾ ಕಡೆ ಹಾಯ್ದಿಲ್ಲ."

"ನಿನ್ನ ಇಂಗ್ಲೀಷೂ ಹಂಗ ಐತಿ. ಶಬ್ದ ಬಿರುಕಿನ್ಯಾಗ ಬಿದ್ದು ಸೀದಾ ತಳಕ್ಕ ಹೋಗೈತಿ. ತಲಿ ಒಣಾನ ಉಳದೈತಿ."

ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುಣಿಯನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಿಧಾನಕ್ಕೆ, ನಡುನಡುವೆ ನಿಂತು, ಹೊಸ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ.

"ಏನಂದಿ?"

"ಮಳಿ ಹೊಲಕ್ಕ ಹೊಕ್ಕೈತಿ, ಆದ್ರ ಪರ್ಮಿಯೇಟ್ ಮಾಡಿಲ್ಲ ಅಂದೆ."

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಆ ಶಬ್ದವನ್ನು ಬಿಡಲಿಲ್ಲ. ಕೊಂಡುಕೊಳ್ಳುವ ಗಡಿಗೆಯನ್ನು ಬಡಿದು ನೋಡುವಂತೆ ಬಡಿದು ನೋಡಿದೆ.

"ಒಗ್ಗರಣಿ ಹೊಗಿ ಮನಿ ತುಂಬ ಹೊಕ್ಕರ ಆಗತೈತಿ?"

"ಆಗತೈತಿ."

"ಚಕ್ಕಡಿ ಊರಾಗ ಹಾದು ಹೋದ್ರ?"

"ಆಗಾಂಗಿಲ್ಲ. ಅದು ಬಂತು, ಹೋತು."

"ಅಂಗಳದಾಗ ಜ್ವಾಳ ಹರವಿದ್ರ?"

"ಅದೂ ಇಲ್ಲ. ಅದು ಬರೇ ಮ್ಯಾಲ ಹರವಿದ್ದು. ಒಳಗ ಹೋಗಬೇಕು, ಎಲ್ಲಾ ಕಡೆನೂ ಹೋಗಬೇಕು."

"ನಿಮ್ಮಪ್ಪನ ಸಿಟ್ಟು?"

ಅವಳು ಆ ಎರಡು ದಿನದಲ್ಲಿ ಮೊದಲ ಸಲ ನಕ್ಕಳು. "ಅದು ಪಕ್ಕಾ ಆಗತೈತಿ ವೈನಿ. ಗ್ವಾಡಿಗೆ ಸುದ್ದಾ ಹೊಕ್ಕೈತಿ."

ಆ ರಾತ್ರಿ ಊಟಕ್ಕೆ ಮೊದಲೇ ಕೂತು ಪುಟ ಬರೆದಳು. ಗೈಡನ್ನು ನಾನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟು ಆ ಡಬ್ಬಿಯ ಮೇಲೆ ಕೂತಿದ್ದೆ. ಶನಿವಾರ ಕೊಟ್ಟು ಬಂದಳು.

ರವಿವಾರ ಬೆಳಿಗ್ಗೆ ಮಾಸ್ತರರೇ ಮನೆಗೆ ಬಂದರು. ಸಣಕಲು ಮನುಷ್ಯ, ಕರಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ. ಮಾವ ಎದ್ದು, "ಬರ್ರಿ ಮಾಸ್ತರ್ರ, ಕುಂಡ್ರರಿ" ಎಂದು ಕಂಬಳಿ ಹಾಸಿದರು. ನಾನು ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತೆ. ನಾದಿನಿ ಕಂಬದ ಹತ್ತಿರ.

"ನಿಮ್ಮ ಮಗಳು ಒಂದು ಪುಟ ಬರದಾಳ್ರಿ" ಎಂದರು ಮಾಸ್ತರರು. "ಇಂಗ್ಲೀಷ್ ಒಂದೆರಡು ಕಡೆ ಮುರದೈತಿ. ಆದ್ರ ಗೈಡಿನ್ಯಾಗಿಂದಲ್ಲ. ಇಂಥಾದ್ದು ಯಾವ ಗೈಡಿನ್ಯಾಗೂ ಇಲ್ಲ. ಯಾರೋ ದೊಡ್ಡ ಗಂಡಸರು ಬರದ ಕೊಟ್ಟಂಗ ಐತಿ. ಯಾರಂತ ಕೇಳಾಕ ಬಂದೆ."

"ಏನು ಬರದಾಳ್ರಿ?"

ಮಾಸ್ತರರು ಕಾಗದ ಬಿಚ್ಚಿ ಕನ್ನಡಕ್ಕೆ ತಂದು ಓದಿದರು. ನಮ್ಮಪ್ಪನ ಹೊಲದಲ್ಲಿ ಮಳೆ ಹೊಕ್ಕಿದೆ, ಆದರೆ ಪರ್ಮಿಯೇಟ್ ಮಾಡಿಲ್ಲ. ಬಿರುಕಿನಲ್ಲಿ ಹಾದು ತಳಕ್ಕೆ ಹೋಗಿದೆ. ನಡುವೆ ಒಂದು ಗೇಣು ನೆಲ ಒಣಗಿದೆ. ನಮ್ಮಪ್ಪ ಸೋಮವಾರ ಬಿತ್ತುತ್ತಾನೆ. ಜೋಳ ಹುಟ್ಟುತ್ತದೆ, ಆಮೇಲೆ ಸಾಯುತ್ತದೆ.

ಮಾವನ ಮುಖ ಕೆಂಪೇರಿತು. ಮಗಳ ಕಡೆ ತಿರುಗಿದರು. "ನನ್ನ ಹೊಲ ಸಾಯತೈತಿ ಅಂತ ಸಾಲ್ಯಾಗ ಬರದ ಕೊಟ್ಟೀಯೇನು?"

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ನಾನು ತಲೆ ಅಲ್ಲಾಡಿಸಿದೆ. ನನ್ನ ಹೆಸರು ಬಂದರೆ ಎಲ್ಲವೂ ಎಮ್ಮೆಗೆ ಹೇಳಿದ ಹೊಲದ ಮಾತಾಗಿಬಿಡುತ್ತಿತ್ತು.

"ನಾನ ಬರದೀನಿ ಯಪ್ಪಾ" ಎಂದಳು. "ಕೈ ಹಾಕಿ ನೋಡಿ ಬರದೀನಿ."

"ಇದಕ್ಕೊಂದು ದಾರಿ ಐತ್ರಿ" ಎಂದರು ಮಾಸ್ತರರು. "ಹೊಲಕ್ಕ ಹೋಗೂಣು. ಆಕಿ ಬರದಂಗ ಇದ್ರ ತಾನ ನೋಡಿ ಬರದಾಳ ಅಂತ ಅರ್ಥ, ಫಾರ್ಮ್ ತುಂಬಸತೀನಿ. ಇಲ್ದಿದ್ರ ಯಾರೋ ಹೇಳಿದ್ದು ಗೀಚ್ಯಾಳ."

"ನಡೀರಿ" ಎಂದರು ಮಾವ. "ಇಲ್ದಿದ್ರ ಈ ತಿಂಗಳಾಗ ರಾಜೂರಿನವರನ್ನ ಕರಸ್ತೀನಿ."

ನನ್ನ ಗಂಡ ಹಾರೆ, ಗುದ್ದಲಿ ಹೆಗಲಿಗೇರಿಸಿಕೊಂಡು ಹೊರಟ. ನಾನೂ ನೀರಿನ ಕೊಡ ಹೊತ್ತು ಹಿಂದೆ ಹೋದೆ. ಯಾರೂ ಕರೆದಿರಲಿಲ್ಲ. ನೀರು ಬೇಕಾಗುತ್ತದೆ ಎಂದು ನಾನೇ ತೀರ್ಮಾನ ಮಾಡಿದೆ.

ಮಾವ ಸೀದಾ ಬನ್ನಿ ಗಿಡದ ಬುಡಕ್ಕೆ ಹೋಗಿ ಹಾರೆ ಎತ್ತಿ ಹೊಡೆದರು. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. "ನೋಡ್ರಿ ಮಾಸ್ತರ್ರ. ಮೊಣಕೈ ಮಟ ಹೋತು" ಎಂದು ಮಗಳ ಕಡೆ ನೋಡಿದರು. ಅವಳು ಹಾರೆ ಇಳಿದ ಜಾಗಕ್ಕೆ ಬೆರಳು ಮಾಡಿದಳು.

"ಯಪ್ಪಾ, ಅದು ಬಿರುಕು. ಅಲ್ಲಿ ಜ್ವಾಳ ಬಿತ್ತಾಂಗಿಲ್ಲ ನಾವು. ಬಿತ್ತೂದು ನಡು ಹೊಲದಾಗ."

ಮಾಸ್ತರರು ಕೊಡೆಯ ತುದಿ ಎತ್ತಿದರು. "ಜಾಗಾ ನಾ ಆರಸ್ತೀನಿ" ಎಂದು ಹೊಲದ ನಡುವೆ ನಡೆದರು. ನಡೆಯುತ್ತ ನಡೆಯುತ್ತ ಎರೆ ಮಣ್ಣು ಅವರ ಬೂಟಿಗೆ ಅಂಟಿ ಆನೆಯ ಕಾಲಾಯಿತು. ಇನ್ನು ನಡೆಯಲಾಗದೆ ನಿಂತಲ್ಲೇ ಕೊಡೆ ಊರಿ, "ಇಲ್ಲಿ" ಎಂದರು. ನಾವು ಗುರುವಾರ ತೋಡಿದ ಕುಣಿಯಿಂದ ಅದು ಬಹಳ ದೂರ. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೊಲ ಎಲ್ಲಾ ಕಡೆ ಒಂದೇ ತರಹ ಇರುವುದಿಲ್ಲ.

ನನ್ನ ಗಂಡ ಗುದ್ದಲಿ ಹಾಕಿದ. ಮೇಲಿನ ಮಣ್ಣು ಮುದ್ದೆಮುದ್ದೆಯಾಗಿ ಬಂತು. ಮಾವ, "ಹಸಿ" ಎಂದರು. ಮತ್ತೊಂದು ಏಟು. "ಹಸಿ." ಮತ್ತೊಂದು. ಗುದ್ದಲಿ ಠಣ್ ಎಂದಿತು. ಮಣ್ಣಿನ ಹೆಂಟೆ ಬಿಳಿಚಿಕೊಂಡು ಹೊರಗೆ ಬಂತು. ಮಾವ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಚುಕಿದರು. ಧೂಳು ಗಾಳಿಗೆ ಹಾರಿ ಅವರ ಮೀಸೆಯ ಮೇಲೆ ಕೂತಿತು. "ಇನ್ನೂ ತೋಡಪಾ" ಎಂದರು ಮಗನಿಗೆ. ಒಂದು ಗೇಣು ಒಣನೆಲ ದಾಟಿದ ಮೇಲೆ ಮತ್ತೆ ಕಪ್ಪು ಹಸಿ ಬಂತು. ಅವಳು ಬರೆದಂತೆಯೇ.

ಮಾವ ಕುಣಿಯ ಅಂಚಿನಲ್ಲೇ ಕೂತು ಕೈಯ ಧೂಳು ಒರೆಸಿಕೊಂಡರು. ಮಾಸ್ತರರು ಬೂಟಿನ ಮಣ್ಣು ಕೆರೆದುಕೊಳ್ಳುತ್ತಿದ್ದರು. ಆಮೇಲೆ ಮಾವ ಕೇಳಿದರು, "ಏನಂತಾರ್ರಿ ಅದಕ್ಕ, ಇಂಗ್ಲೀಷಿನ್ಯಾಗ?"

"ಪರ್ಮಿಯೇಟ್ ಅಂತಾರ್ರಿ."

"ಆಗಿಲ್ಲ ಬಿಡ್ರಿ" ಎಂದರು ಮಾವ. "ನಾಳಿಗೆ ಕೂರಿಗಿ ಬ್ಯಾಡ. ಆ ಫಾರ್ಮ್ ಎಲ್ಲಿ ಸಹಿ ಮಾಡಬೇಕು ಹೇಳ್ರಿ."

ನಾನು ಕೊಡ ಇಳಿಸಿ ಎಲ್ಲರಿಗೂ ನೀರು ಕೊಟ್ಟೆ. ಮಾಸ್ತರರು ಕುಡಿದು, ತಂಬಿಗೆ ಕೊಡುತ್ತ, "ಕುಣಿ ತೋಡೂದು ಕಲಿಸಿದವರು ಯಾರು?" ಎಂದು ನನ್ನ ಕಡೆ ನೋಡದೆ ಮೆಲ್ಲಗೆ ಕೇಳಿದರು. ನಾನು ಕೈ ಚಾಚಿ ತಂಬಿಗೆ ತೆಗೆದುಕೊಂಡೆ. ನನ್ನ ಕೈಯ ಉಗುರಿನಲ್ಲಿ ಗುರುವಾರದ ಮಣ್ಣು ಇನ್ನೂ ಇತ್ತು, ಅವರಿಗೆ ಕಂಡಿರಬೇಕು.

ಹತ್ತು ದಿನದ ಮೇಲೆ ಹಸ್ತ ಮಳೆ ನಿಧಾನಕ್ಕೆ ಎರಡು ದಿನ ಹಿಡಿಯಿತು. ಅದಾದ ಮೇಲೆ ಬಿತ್ತಿದೆವು. ಎದೆಯೆತ್ತರದ ಜೋಳ ಬಂತು. ಅವಸರ ಮಾಡಿದ ಪಕ್ಕದ ಹೊಲದವರದು ಬೆರಳುದ್ದ ಹುಟ್ಟಿ, ಮಳೆಗೆ ಮೊದಲೇ ಸುರುಟಿ, ಅವರು ಮತ್ತೆ ಬಿತ್ತಬೇಕಾಯಿತು. ನಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಮಾತ್ರ ಉತ್ತರಿ ಮಳೆಗೇ ಹಸಿ ಕೂಡಿತ್ತು. ಆಮೇಲೆ ಅಲ್ಲಿ ತೋಡಿದಾಗ ಮಾವನಿಗೆ ಅದು ಗೊತ್ತಾಯಿತು. ಮಾಸ್ತರರು ಅಲ್ಲಿ ಕೊಡೆ ಊರಿದ್ದರೆ ನಮ್ಮ ಹುಡುಗಿ ರಾಜೂರಿಗೆ ಹೋಗುತ್ತಿದ್ದಳು. ಎರೆ ಮಣ್ಣು ಬೂಟು ಹಿಡಿದು ನಿಲ್ಲಿಸಿತು.

ನಾದಿನಿ ಇಂಗ್ಲಿಷಿನಲ್ಲಿ ಪಾಸಾದಳು. ಗಣಿತದಲ್ಲಿ ನಪಾಸಾಗಿ ಕೂತಳು, ಮತ್ತೆ ಕಟ್ಟಿ ಅದನ್ನೂ ದಾಟಿದಳು. ಗಣಿತಕ್ಕೆ ನನ್ನ ಹೊಲದಲ್ಲಿ ಔಷಧ ಇರಲಿಲ್ಲ.

ಮುಂದಿನ ವರ್ಷ ಉತ್ತರಿ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಮಾವ ಗುದ್ದಲಿ ತಂದು ಬಾಗಿಲಿಗೆ ಆನಿಸಿ ಇಟ್ಟರು. ಆಮೇಲೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ನಿಂತು, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಯವ್ವಾ, ನಡು ಹೊಲದಾಗ ಹಸಿ ಕೂಡೈತೇನು ಯಾರರ ನೋಡಿ ಬಂದ್ರ ಚಲೋ ಆಗತಿತ್ತು."

ನಾನು ನೋಡಿ ಬಂದೆ. ಬಂದು ಎಮ್ಮೆಗೆ ಹೇಳಿದೆ. ಅವರು ಇರುವವರೆಗೂ ನಮ್ಮ ಹೊಲಕ್ಕೆ ಕೂರಿಗೆ ಹೂಡುವ ದಿನ ಹೀಗೇ ಗೊತ್ತಾಗುತ್ತಿತ್ತು.

ನಾದಿನಿ ಗಜೇಂದ್ರಗಡದಲ್ಲಿ ಶಾಲೆಯ ಬಾಯಿ, ಅಂದರೆ ಶಿಕ್ಷಕಿ, ಆದಳು; ಮುಂದೆ ಇನ್ನೆರಡು ಪರೀಕ್ಷೆ ಕಟ್ಟಿ ದೊಡ್ಡ ವರ್ಗಗಳಿಗೆ ಇಂಗ್ಲಿಷ್ ಕಲಿಸಿದಳು. ಆ ಶಬ್ದ ಬರುವ ಪಾಠಕ್ಕೆ ಮೊದಲು ನನಗೆ ಕಾರ್ಡು ಬರೆಯುತ್ತಿದ್ದಳು. ಅವಳ ಶಾಲೆಯ ಸುತ್ತ ಕೆಂಪು ಮಣ್ಣು, ಅದು ಬಿರುಕು ಬಿಡುವುದಿಲ್ಲ. ಅದಕ್ಕೆ ನಮ್ಮ ಹೊಲದ ಒಣ ಹೆಂಟೆ ಬೇಕು. ಅದರ ಮೇಲೆ ನೀರು ಸುರಿದು, ಮಕ್ಕಳ ಎದುರು ಒಡೆದು, ಒಳಗೆ ಕೈ ಹಾಕಿಸಿ, ಆಮೇಲೆ ಅರ್ಥ ಹೇಳುತ್ತಿದ್ದಳಂತೆ. ಅವಳ ವರ್ಗದಲ್ಲಿ ಗೈಡು ತೆರೆಯಲು ಬಿಡುತ್ತಿರಲಿಲ್ಲ. ಪ್ರತಿ ವರ್ಷ ಆ ಹೆಂಟೆ ಆರಿಸಿ, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡು ಒಯ್ದವಳು ನಾನು. ಕಂಡಕ್ಟರ್ ಒಮ್ಮೆ ಕೇಳಿದ, "ಏನಬೇ ಅದು ಗಂಟಿನ್ಯಾಗ, ಬೆಲ್ಲೇನು?"

"ಇಂಗ್ಲೀಷ್ ಐತಪಾ" ಎಂದೆ.